ಓಡುವ ನೀರು, ಅತ್ತೆಯ ಕೂದಲು

ಹೆಂಡತಿಯ ಒಂದು ಮಾತನ್ನೂ ಪೂರ್ತಿ ಕೇಳಿಸಿಕೊಳ್ಳುವ ತಾಳ್ಮೆಯಿಲ್ಲದ ಗಂಡಸರು ಮೀನಿನ ಮುಂದೆ ಮಾತ್ರ ಋಷಿಗಳಾಗಿಬಿಡುತ್ತಾರೆ. ಅಮೆರಿಕದ ಕೇಪ್ ಕಾಡ್ ಕಡಲ ಕಾಲುವೆಯ ಕಲ್ಲುದಂಡೆಯ ಮೇಲೆ ಇಂಥ ಋಷಿಗಳ ಸಾಲೇ ಇದೆ. ಅವರಲ್ಲಿ ಹಿರಿಯ ತಪಸ್ವಿ ಅನ್ಸೆಲ್ಮ್ ಕಬ್ರಾಲ್. ಎದೆಗಿಳಿದ ಅವನ ಬಿಳಿ ಗಡ್ಡಕ್ಕೆ ದಿನವೂ ಬಾಚಣಿಗೆ ಸೇವೆ. ಗಾಳದವರ ಸಂಘದ ಕಪ್ತಾನನಾಗಲು ಅರ್ಧ ಅರ್ಹತೆ ಆ ಗಡ್ಡವೇ ಎಂದು ಅವನ ನಂಬಿಕೆ. ಉಳಿದರ್ಧಕ್ಕೆ ಮೀನು ಬೇಕಿತ್ತು. ಆ ವರ್ಷ ಒಂದೂ ಬಿದ್ದಿರಲಿಲ್ಲ.

ಶನಿವಾರ ಸಂಘದಲ್ಲಿ ‘ಓಡುವ ನೀರಿನಲ್ಲಿ ಬಕ್‌ಟೇಲ್’ ಎಂಬ ಅವನ ಉಪನ್ಯಾಸ. ಅದಾದ ಮೇಲೆ ಕಪ್ತಾನನ ಆಯ್ಕೆ. (ಬಕ್‌ಟೇಲ್ ಎಂದರೆ ಸೀಸದ ತಲೆಗೆ ಜಿಂಕೆಬಾಲದ ಕೂದಲು ಕಟ್ಟಿದ ಗಾಳ. ಹಸಿದ ಮೀನು ಅದನ್ನು ಮರಿಮೀನೆಂದು ನಂಬುತ್ತದೆ. ಹೊಟ್ಟೆ ತುಂಬಿದ ಗಂಡಸರು ಮಹಾಶಾಸ್ತ್ರವೆಂದು ನಂಬುತ್ತಾರೆ.) ಗುರುವಾರ ನೋಡಿದರೆ ಡಬ್ಬಿಯಲ್ಲಿ ಒಂದೆಳೆ ಜಿಂಕೆ ಕೂದಲೂ ಇಲ್ಲ, ಅಂಗಡಿಗೆ ಬೀಗ.

“ರೀ, ಸೂಪ್ ಆರ್ತಾ ಇದೆ!” ಹೆಂಡತಿ ಒಡೆಟ್ ಕೂಗಿದಳು.

“ಉಬ್ಬರದ ನೀರು ತಿರುಗ್ತಾ ಇದೆ ಕಣೇ! ಸೂಪ್ ಕಾಯುತ್ತೆ, ಸಮುದ್ರ ಕಾಯುತ್ತಾ?”

“ಮದುವೆಯಾದಾಗಿಂದ ನಾನೂ ಸೂಪೂ ಕಾಯೋದೇ ಆಯ್ತು.”

ಆಗ ಅನ್ಸೆಲ್ಮನ ಕಣ್ಣು ಸೋಫಾ ಕಡೆ ಹೋಯಿತು. ಅತ್ತೆ ಇಡಲಿನಾ ಗೊರಕೆ ಹೊಡೆಯುತ್ತಿದ್ದಳು. ಪಕ್ಕದ ಮೇಜಿನ ಮೇಲೆ, ಭಾನುವಾರದ ಚರ್ಚಿಗೆಂದೇ ಜೋಪಾನ ಮಾಡಿದ ಅವಳ ಬೆಳ್ಳಿಬಣ್ಣದ ವಿಗ್. ಹಿಂಭಾಗದಿಂದ ಒಂದು ಹಿಡಿ ಕೂದಲು ಕತ್ತರಿಸಿ, ತನ್ನ ಕೆಂಪು ದಾರದಲ್ಲಿ ಸೀಸದ ತಲೆಗೆ ಬಿಗಿದು, ಅವನು ಕಾಲುವೆಗೆ ಓಡಿದ. ಮೊದಲ ಎಸೆತಕ್ಕೇ ದೈತ್ಯ ಮೀನೊಂದು ಕಚ್ಚಿತು. ಅಷ್ಟೇ ಬೇಗ ಗಾಳದ ಹುರಿ ಬಂಡೆಗೆ ಉಜ್ಜಿ ಪಟ್ಟೆಂದಿತು. ಮೀನೂ ಹೋಯಿತು, ಗಾಳವೂ ಹೋಯಿತು.

ಮನೆಗೆ ಬಂದರೆ ಅತ್ತೆ ವಿಗ್ ಹಿಡಿದು ನಿಂತಿದ್ದಳು.

“ಬೆಕ್ಕಿನ ಕೆಲಸ ಅತ್ತೆ,” ಎಂದ ಅನ್ಸೆಲ್ಮ್, ಕಣ್ಣು ಮಿಟುಕಿಸದೆ.

ಬೆಕ್ಕಿಗೆ ಜಗಲಿವಾಸವಾಯಿತು. ಬಾಯಿಲ್ಲದ ಪ್ರಾಣಿಯ ತಲೆಗೆ ತಪ್ಪು ಕಟ್ಟಿ ರಾತ್ರಿ ಸುಖವಾಗಿ ನಿದ್ದೆ ಮಾಡುವವರೇ ಎಲ್ಲ ಸಂಘಗಳಿಗೂ ಕಪ್ತಾನರಾಗುತ್ತಾರೆ; ಇವನೂ ನಿದ್ದೆ ಮಾಡಿದ.

ಶನಿವಾರ ಸಭಾಂಗಣ ತುಂಬಿತ್ತು. ಮುಂದಿನ ಸಾಲಿನಲ್ಲೇ ಒಡೆಟ್, ಅವಳ ಪಕ್ಕದಲ್ಲಿ ವಿಗ್ಗಿನ ಮೇಲೆ ಟೋಪಿ ಒತ್ತಿಕೊಂಡ ಇಡಲಿನಾ.

“ಹರಿವಿನ ಮೇಲ್ಗಡೆಗೆ ಎಸೀರಿ,” ಅನ್ಸೆಲ್ಮ್ ಗಡ್ಡ ನೀವುತ್ತ ಗುಡುಗಿದ. “ಗಾಳ ತಳ ಮುಟ್ಟಿ ಟಿಕ್ ಟಿಕ್ ಅನ್ನಬೇಕು. ಹಗುರವಾದ್ರೆ ಗಾಳಿಪಟ, ಭಾರವಾದ್ರೆ ಬಂಡೆ ಪಾಲು. ಎಳೀಬೇಡಿ, ನೀರೇ ಕುಣಿಸುತ್ತೆ. ಮುಖ್ಯವಾಗಿ, ಓಡೋ ನೀರಿಗೆ ಕೂದಲು ತೆಳ್ಳಗಿರಬೇಕು! ದಟ್ಟವಾದ್ರೆ ಮುಳುಗಲ್ಲ.”

ಆಗ ಥ್ಯಾಡ್ ಪೆಲ್ಕಿ ಎದ್ದ. ಕಪ್ತಾನಗಿರಿಗೆ ಅವನೂ ಉಮೇದುವಾರ.

“ಬೆಳಿಗ್ಗೆ ಒಂದು ದೈತ್ಯ ಸಿಕ್ತು. ಕಾನೂನಿನ ಅಳತೆ ಮೀರಿತ್ತು, ಬಿಟ್ಬಿಟ್ಟೆ. ಆದ್ರೆ ಅದರ ತುಟೀಲಿ ಮೊದಲೇ ಇದು ಚುಚ್ಕೊಂಡಿತ್ತು. ಯಾರದಪ್ಪಾ?”

ಕೆಂಪು ದಾರ. ಬೆಳ್ಳಿ ಕೂದಲು. ಬಾಯಿ ಮುಚ್ಚಿಕೊಂಡಿದ್ದರೆ ಬಚಾವ್. ಆದರೆ ತಾನೂ ಆ ದೈತ್ಯನಿಗೆ ಗಾಳ ಚುಚ್ಚಿದ್ದೆ ಎಂದು ಹೇಳಿಕೊಳ್ಳದೆ ಇರಲು ಗಾಳದವನಿಗೆ ಸಾಧ್ಯವೇ?

“ನನ್ನದೇ!”

ಚಪ್ಪಾಳೆ ಬಿತ್ತು. ಕೈಯಿಂದ ಕೈಗೆ ಹೋದ ಗಾಳವನ್ನು ಪಂಡಿತರೆಲ್ಲ ಮೂಸಿ, ಸವರಿ, ಕನ್ನಡಕ ಏರಿಸಿ ನೋಡಿದರು.

“ಇಂಥ ನುಣುಪು ಕಂಡೇ ಇಲ್ಲ. ಯಾವ ಜಿಂಕೆಯಯ್ಯಾ ಇದು?”

“ಉತ್ತರದ ಕಾಡಿನದು,” ಅನ್ಸೆಲ್ಮ್ ದನಿ ತಗ್ಗಿಸಿದ. “ತುಂಬಾ ವಯಸ್ಸಾದದ್ದು. ಮಹಾ ಮುಂಗೋಪಿ. ಕಷ್ಟಪಟ್ಟು ಹಿಡಿದೆ.”

“ಮಲಗಿದ್ದಾಗ ಹಿಡಿದಿರಿ ಅನ್ನಿ, ಅಳಿಯಂದಿರೇ,” ಮುಂದಿನ ಸಾಲಿನಿಂದ ದನಿ ಬಂತು. “ಆ ಜಿಂಕೆ ನಾನೇ.”

ಇಡಲಿನಾ ಟೋಪಿ ತೆಗೆದಳು, ವಿಗ್ಗೂ ತೆಗೆದಳು. ವಿಗ್ಗಿನ ಹಿಂದಿನ ಬೋಳು ಜಾಗಕ್ಕೆ ಥ್ಯಾಡ್ ಗಾಳವನ್ನು ಹಿಡಿದು ನೋಡಿದ. ಎಳೆಗೆ ಎಳೆ ಕೂಡಿತು.

“ಅದು ಅವಸರದಲ್ಲಿ... ಬೇರೆ ಕೂದಲು ಎಲ್ಲೂ ಇರಲಿಲ್ಲ ಅತ್ತೆ...”

“ಎಲ್ಲೂ?” ಒಡೆಟ್ ಅವನ ಎದೆಯ ಮೇಲೆಯೇ ಕಣ್ಣಿಟ್ಟು, ಚೀಲದಿಂದ ಕತ್ತರಿ ತೆಗೆದು ತಾಯಿಯ ಕೈಗೆ ಕೊಟ್ಟಳು. “ಅಮ್ಮಾ, ಓಡೋ ನೀರಿಗೆ ತೆಳ್ಳಗಿರಬೇಕಂತೆ. ದಟ್ಟವಾಗಿ ಬಿಡಬೇಡ.”

ಥ್ಯಾಡ್ ಕಪ್ತಾನನಾದ. ಬೆಕ್ಕು ಸೋಫಾಕ್ಕೆ ಮರಳಿತು. ಕೆನ್ನೆ ಬೋಳಾದ ಅನ್ಸೆಲ್ಮ್ ಈಗ ಸೂಪ್ ಬಿಸಿಯಿರುವಾಗಲೇ ಮೇಜಿಗೆ ಬರುತ್ತಾನೆ. ಅವನ ಗಡ್ಡದಿಂದ ಸಂಘದವರು ಒಬ್ಬೊಬ್ಬರಿಗೆ ಒಂದೊಂದು ಬಕ್‌ಟೇಲ್ ಕಟ್ಟಿಕೊಂಡರು. ಮೀನುಗಳು ಹತ್ತಿರ ಬರುತ್ತವೆ, ನೋಡುತ್ತವೆ. ಇವತ್ತಿನವರೆಗೂ ಒಂದೂ ಬಾಯಿ ಹಾಕಿಲ್ಲ.