ಮೂರು ಭಾನುವಾರದ ಮಫ್ಲರ್

ದೇವದಾನಪ್ಪ: ಮೂರು ಭಾನುವಾರ ಕಣೇ! ಒಂದಲ್ಲ, ಎರಡಲ್ಲ! ಒಂದು ನರಪಿಳ್ಳೆನೂ ಬಂದು, ಇದೀಯೇನಯ್ಯ, ಸತ್ತೆಯೇನಯ್ಯ ಅಂತ ಕೇಳ್ಲಿಲ್ಲ.

ಸುಗುಣಮ್ಮ: ಪಕ್ಕದ್ಮನೆ ಗುರುಶಾಂತಪ್ಪನೋರು ಕೇಳಿದ್ರಲ್ಲ.

ದೇವದಾನಪ್ಪ: ಅವರು ಕೇಳಿದ್ದು ಪೇಪರ್ ಓದಿ ಆಯ್ತಾ ಅಂತ. ನಾನು ಹೇಳ್ತಿರೋದು ನಮ್ಮ ಚರ್ಚಿನ ಸಭೆಯೋರ ವಿಷಯ.

ಜಯನಗರದಲ್ಲಿ ಆಗಿನ್ನೂ ಮನೆಗಳಿಗಿಂತ ಸೈಟಿನ ಕಲ್ಲುಗಳೇ ಹೆಚ್ಚು. ಚರ್ಚಿಗೆ ಹೋಗುವವರದು ಒಟ್ಟು ಮೂವತ್ತು ಮನೆ. ಒಬ್ಬರು ಸೀನಿದರೆ ಉಳಿದವರಿಗೆಲ್ಲ ಗೊತ್ತಾಗಬೇಕು. ರಿಟೈರ್ಡ್ ಹೆಡ್ ಕ್ಲಾರ್ಕ್ ದೇವದಾನಪ್ಪ ಮೊದಲ ಭಾನುವಾರ ಚರ್ಚಿಗೆ ಹೋಗದಿದ್ದುದಕ್ಕೆ ನಿಜವಾದ ನೆಗಡಿಯೇ ಕಾರಣ. ಎರಡನೆಯ ಭಾನುವಾರದ ಹೊತ್ತಿಗೆ ನೆಗಡಿ ಹೋಗಿ ಕುತೂಹಲ ಬಂದಿತ್ತು: ನೋಡೋಣ, ಯಾರು ವಿಚಾರಿಸಿಕೊಳ್ಳುತ್ತಾರೆ ಅಂತ. ಮೂರನೆಯ ಭಾನುವಾರ ಬರೀ ಹಟ. ಮೂರು ವಾರವೂ ಸುಗುಣಮ್ಮ ಒಬ್ಬರೇ ಹೋಗಿ ಬಂದರು.

ದೇವದಾನಪ್ಪ: ಪಾದ್ರಿ ಅಯ್ಯನವರೂ ನಿನ್ನನ್ನ ಏನೂ ಕೇಳ್ಲಿಲ್ವಾ?

ಸುಗುಣಮ್ಮ: ಕ್ಷೇಮಾನಾ ಅಂದ್ರು. ಕ್ಷೇಮ ಅಂದೆ.

ದೇವದಾನಪ್ಪ: ಯಜಮಾನ್ರಿಗೆ ಕಾಯಿಲೆ ಅನ್ನಬೇಕಿತ್ತು!

ಸುಗುಣಮ್ಮ: ಚರ್ಚಿನ ಬಾಗ್ಲಲ್ಲಿ ನಿಂತು ಸುಳ್ಳು ಹೇಳ್ಲಾ? ಬೆಳಿಗ್ಗೆ ತಾನೆ ಹನ್ನೊಂದು ಇಡ್ಲಿ ಮುಗಿಸಿದ್ರಿ.

ದೇವದಾನಪ್ಪ: ಹತ್ತು. ಒಂದನ್ನ ಕಾಗೆಗೆ ಹಾಕ್ದೆ. ಇಡ್ಲಿ ವಿಷಯ ಬಿಡು. ಸಭೆ ಅಂದ್ರೆ ಒಂದು ಮೈ, ನಾವೆಲ್ಲ ಅದರ ಅಂಗಗಳು ಅಂತ ಅಯ್ಯನವರು ಉಪದೇಶದಲ್ಲಿ ಹೇಳ್ತಾರಲ್ಲ, ನಾನೇನು ಕಿರುಬೆರಳೂ ಅಲ್ವಾ?

ಸುಗುಣಮ್ಮ: ನೀವು ಮೂಗು ರೀ. ಅದಕ್ಕೇ ನೆಗಡಿ ಬಂದಿದ್ದು.

ಅಷ್ಟರಲ್ಲಿ ಗೇಟು ಕಿರ್ ಎಂದಿತು. ದೇವದಾನಪ್ಪ ಒಂದೇ ನೆಗೆತಕ್ಕೆ ಮಂಚ ಸೇರಿ, ತಲೆಗೆ ಮಫ್ಲರ್ ಸುತ್ತಿ, ಕಂಬಳಿ ಎಳೆದುಕೊಂಡು ನರಳಲು ಶುರುಮಾಡಿದರು. ಸುಗುಣಮ್ಮ ಕಿಟಕಿಯಲ್ಲಿ ಇಣುಕಿದರು.

ಸುಗುಣಮ್ಮ: ನರಳೋದು ಸಾಕು. ಹಸು. ಗೇಟಿಗೆ ಬೆನ್ನು ಉಜ್ತಿದೆ.

ದೇವದಾನಪ್ಪ: ಅದಕ್ಕಾದ್ರೂ ನಮ್ಮನೆ ದಾರಿ ಗೊತ್ತಲ್ಲ!

ಹೇಳಿದ್ದು ತಮಾಷೆಗೇ. ಆದರೂ ಅವರಿಗೆ ಒಳಗೆ ನೋವಾಗಿತ್ತು. ಇಷ್ಟು ವರ್ಷ ಈ ಜನರ ಮನೆಮನೆಗೂ ಬಿಸಿಲು ಮಳೆ ಎನ್ನದೆ ಅಲೆದ ತಾನು ನಾಳೆ ಕಣ್ಣು ಮುಚ್ಚಿದರೂ ಇವರಿಗೆ ತಿಳಿಯುವುದು ಯಾವಾಗಲೋ ಎನ್ನಿಸಿ ದುಃಖವಾಯಿತು.

ಗೇಟು ಮತ್ತೆ ಸದ್ದು ಮಾಡಿತು. ಈ ಸಲ ಬಂದವನು ಸಭೆಯ ಕಾರ್ಯದರ್ಶಿ ಜಯಶೀಲ. ಸೈಕಲ್ಲನ್ನು ಗೋಡೆಗೆ ಒರಗಿಸಿ ಒಳಗೆ ಬಂದ.

ದೇವದಾನಪ್ಪ: (ಕ್ಷೀಣವಾಗಿ) ಬಂದೆಯಾ ಜಯಶೀಲ... ಕೊನೆಗೂ ವಿಚಾರಿಸಿಕೊಳ್ಳೋಕೆ...

ಜಯಶೀಲ: ಇಲ್ಲ ಸಾರ್, ನಿಮ್ಮ ವಿಚಾರಣೆ ಪುಸ್ತಕ ನೋಡ್ಕೊಂಡು ಹೋಗೋಣ ಅಂತ ಬಂದೆ. ಈ ತಿಂಗಳು ಯಾರ್ ಯಾರ್ನ ನೋಡ್ಕೊಂಡು ಬಂದ್ರಿ ಅಂತ ಅಯ್ಯನವರು ಕೇಳ್ತಿದ್ರು.

ಕಂಬಳಿ ಹಾರಿ ನೆಲಕ್ಕೆ ಬಿತ್ತು.

ದೇವದಾನಪ್ಪ: ಮೂರು ವಾರದಿಂದ ನಾನೇ ಚರ್ಚಿಗೆ ಬಂದಿಲ್ಲ ಕಣಯ್ಯ! ಯಾರ ಕಣ್ಣಿಗೂ ಬೀಳ್ಲಿಲ್ವಾ?

ಜಯಶೀಲ: ಬೀಳದೆ ಏನ್ ಸಾರ್? ಎಲ್ರಿಗೂ ಅದೇ ಯೋಚ್ನೆ. ನಿಮ್ಮ ಜಾಗದಲ್ಲಿ ಯಾರನ್ನೂ ಕೂರಿಸಿಲ್ಲ.

ದೇವದಾನಪ್ಪ: ಮತ್ತೆ ಮನೆಗೆ ಬರೋಕೆ ಏನು ಧಾಡಿ?

ಜಯಶೀಲ: ಬರೋ ಹಾಗಿಲ್ವಲ್ಲ ಸಾರ್. ಎಲ್ರೂ ನುಗ್ಗಿದ್ರೆ ರೋಗಿಗೆ ಸುಸ್ತು, ಮನೆಯೋರಿಗೆ ಕಾಫಿ ಕಾಯಿಸೋ ಕಾಟ, ಅದಕ್ಕೆ ಎರಡು ಭಾನುವಾರ ಬರದೇ ಇದ್ದೋರನ್ನ ವಿಚಾರಣೆಯ ಹಿರಿಯರು ಒಬ್ರೇ ಹೋಗಿ ನೋಡ್ಬೇಕು, ಅವರು ಹೇಳೋವರೆಗೂ ಬೇರೆ ಯಾರೂ ಹೋಗಕೂಡದು ಅಂತ ಹೋದ್ ವರ್ಷ ನಿಯಮ ಆಯ್ತಲ್ಲ. ನೀವೇ ಟೇಬಲ್ ಕುಟ್ಟಿ ಪಾಸ್ ಮಾಡಿಸಿದ್ರಿ.

ದೇವದಾನಪ್ಪ: ಮಾಡಿಸ್ದೆ. ಒಳ್ಳೇ ನಿಯಮ. ಹಾಗಾದ್ರೆ ಆ ಹಿರಿಯ ಯಾಕೆ ಬರ್ಲಿಲ್ಲ? ಯಾರವನು ಸೋಮಾರಿ?

ಸುಗುಣಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಜಯಶೀಲ ಛಾವಣಿ ನೋಡಿದ.

ಜಯಶೀಲ: ನೀವೇ ಸಾರ್.

ನೋಡಲು ಹೋಗುವವನು ತಾನು ಎಂಬುದು ದೇವದಾನಪ್ಪನವರಿಗೆ ಚೆನ್ನಾಗಿ ನೆನಪಿತ್ತು. ತನ್ನನ್ನು ನೋಡಲು ಬರಬೇಕಾದವನೂ ತಾನೇ ಎಂಬುದು ಹೊಳೆದಿರಲಿಲ್ಲ.

ದೇವದಾನಪ್ಪ: ನಿಂಗೆ ಗೊತ್ತಿತ್ತೇನೇ?

ಸುಗುಣಮ್ಮ: ಎರಡನೇ ವಾರದಿಂದ. ನೀವು ಅವರನ್ನ ಪರೀಕ್ಷೆ ಮಾಡ್ತಿದ್ರಿ, ನಾನು ನಿಮ್ಮನ್ನ.

ಜಯಶೀಲ: ಅದಿರ್ಲಿ ಸಾರ್, ಇಲ್ಲೇ ಪಕ್ಕದ ಸಿದ್ದಾಪುರದ ಕರುಣಮ್ಮನೋರು? ಬೀದಿ ನಲ್ಲಿ ಹತ್ರ ಜಾರಿ ಬಿದ್ದು ಮಂಡಿ ಊದಿದೆಯಂತೆ. ಅವರೂ ಮೂರು ವಾರದಿಂದ ಬಂದಿಲ್ಲ. ನೀವು ನೋಡ್ಕೊಂಡು ಬಂದಿರ್ತೀರಿ ಅಂತ ನಾವು ಸುಮ್ನಿದ್ವಿ.

ದೇವದಾನಪ್ಪನವರ ಮುಖ ಇಳಿದುಹೋಯಿತು. ಆ ಮುದುಕಿಗೆ ಹಿಂದೆ ಮುಂದೆ ಯಾರೂ ಇರಲಿಲ್ಲ. ತನಗೆ ಬರದ ನೋವಿಗೆ ತಾನು ನರಳುತ್ತ ಕೂತಾಗ, ನಿಜವಾಗಿ ನರಳುವವಳು ತನ್ನ ದಾರಿ ಕಾಯುತ್ತಿದ್ದಳು. ನಾಚಿಕೆಯಿಂದ ತಲೆ ಎತ್ತಲಾಗದೆ ಮಂಚದ ಕೆಳಗೆ ಚಪ್ಪಲಿ ಹುಡುಕತೊಡಗಿದರು.

ಗೇಟು ಮೂರನೆಯ ಸಲ ಕಿರ್ ಎಂದಿತು.

ಸುಗುಣಮ್ಮ: ಅದೇ ಹಸು.

ಹಸುವಲ್ಲ. ಜಟಕಾದಿಂದಿಳಿದು, ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಟಿಫಿನ್ ಕ್ಯಾರಿಯರ್ ಹಿಡಿದು ಕುಂಟುತ್ತ ಬಂದವಳು ಕರುಣಮ್ಮ.

ಕರುಣಮ್ಮ: ಬದುಕಿದೀಯೇನಪ್ಪ ದೇವದಾನ? ಮೂರು ವಾರದಿಂದ ಬಾಗ್ಲು ನೋಡ್ದೆ. ನೀನು ಬರ್ಲಿಲ್ಲ ಅಂದ್ರೆ ನಿಂಗೆ ನನಗಿಂತ ಕಾಯಿಲೆ ಜೋರಾಗಿರ್ಬೇಕು ಅಂದ್ಕೊಂಡೆ. ಮೆಣಸಿನ ಸಾರು ತಂದಿದೀನಿ.

ಜಯಶೀಲ: ಅಜ್ಜೀ, ಹಾಗೆಲ್ಲ ಬರಬಾರ್ದು ಅಂತ ನಿಯಮ ಬರೆದು ಚರ್ಚಿನ ಗೋಡೆಗೆ ಅಂಟಿಸಿದೀವಿ.

ಕರುಣಮ್ಮ: ನಂಗೆ ಓದೋಕೆ ಬರಲ್ಲ ಕಣಪ್ಪ. ಏನು ಕಾಯಿಲೆ ಇವನಿಗೆ?

ದೇವದಾನಪ್ಪ ಅವಳನ್ನು ಮಂಚದ ಮೇಲೆ ಕೂರಿಸಿದರು. ತಲೆಯ ಮಫ್ಲರ್ ಬಿಚ್ಚಿ, ಅದನ್ನೇ ಅವಳ ಊದಿದ ಮಂಡಿಗೆ ಬೆಚ್ಚಗೆ ಸುತ್ತಿದರು.

ದೇವದಾನಪ್ಪ: ತಪ್ಪಾಯ್ತು ಅವ್ವ. ನಂಗೆ ಏನೂ ಆಗಿಲ್ಲ. ಯಾರಾದ್ರೂ ಬರ್ತಾರಾ ಅಂತ ನೋಡ್ತಾ ಮಲಗಿದ್ದೆ.

ಸುಗುಣಮ್ಮ: ಜಯಶೀಲ, ಪುಸ್ತಕದಲ್ಲಿ ಬರ್ಕೊಳ್ಳಿ. ರೋಗಿ ದೇವದಾನಪ್ಪ, ಆಹಾರ ಹನ್ನೊಂದು ಇಡ್ಲಿ.

ದೇವದಾನಪ್ಪ: ಹತ್ತು!

ಕರುಣಮ್ಮ ಕ್ಯಾರಿಯರ್ ಮುಚ್ಚಳ ತೆಗೆದು ಸಾರನ್ನು ಲೋಟಕ್ಕೆ ಬಗ್ಗಿಸಿ ಅವರ ಕೈಗಿತ್ತಳು.

ಕರುಣಮ್ಮ: ಕುಡಿ. ಬರೋ ಭಾನುವಾರ ಚರ್ಚಲ್ಲಿ ಕಾಣಿಸ್ಲಿಲ್ಲ ಅಂದ್ರೆ ಮತ್ತೆ ಬರ್ತೀನಿ. ಆದ್ರೆ ಆಗ ಸಾರು ತರಲ್ಲಪ್ಪ, ಕೋಲು ಒಂದೇ ತರ್ತೀನಿ.