ಗೆದ್ದವನ ಕಾರು ತೆಂಗಿನ ಮರದ ಕೆಳಗೆ

ನಾನು ಗೆದ್ದೆ. ಇದನ್ನು ಮೊದಲೇ ಬರೆದುಬಿಡುತ್ತೇನೆ, ಏಕೆಂದರೆ ಮುಂದಿನದನ್ನು ಓದಿದ ಮೇಲೆ ನಿಮಗೆ ಅನುಮಾನ ಬರಬಹುದು. ನನ್ನ ನೆನಪು ಯಾವಾಗಲೂ ನನ್ನ ಕಡೆಗೇ ವಾಲುತ್ತದೆ ಎಂಬುದು ನನಗೆ ಗೊತ್ತು. ಆದ್ದರಿಂದ ಸಾಕ್ಷಿಗೆಂದು ಹೆಂಡತಿ ಶೈಲಾಳನ್ನು ಪಕ್ಕದಲ್ಲಿ ಕೂರಿಸಿಕೊಂಡಿದ್ದೇನೆ. ಅವಳು ಆಗಲೇ ನಗುತ್ತಿದ್ದಾಳೆ.

ನಾವಿರುವುದು ಸುದ್ದಗುಂಟೆಪಾಳ್ಯದ ಬಾಡಿಗೆ ಮನೆಯ ಮೊದಲ ಮಹಡಿಯಲ್ಲಿ. ಕೆಳಗೆ ಮನೆ ಓನರ್ ರತ್ನಮ್ಮ; ಈ ಬೀದಿ ರಾಗಿ ಹೊಲವಾಗಿದ್ದ ಕಾಲದಿಂದ ಇಲ್ಲಿರುವವರು. ಎರಡನೇ ಮಹಡಿಯಲ್ಲಿ ವಿಜಯಪುರದಿಂದ ಕೆಲಸಕ್ಕೆ ಬಂದಿರುವ ಅಕ್ಷತಾ. ಕಟ್ಟಡದ ಕೆಳಗೆ ಒಂದೇ ಒಂದು ಪಾರ್ಕಿಂಗ್ ಜಾಗ. ಅಲ್ಲಿದ್ದ ಹಳೇ ವ್ಯಾನನ್ನು ರತ್ನಮ್ಮ ಮಾರಿದ ದಿನ ಜಾಗ ಖಾಲಿಯಾಯಿತು. ನನಗೂ ಕಾರಿದೆ, ಅಕ್ಷತಾಳೂ ಹೊಸದಾಗಿ ಕೊಂಡಿದ್ದಳು. ಜಾಗ ಸಿಗದವರ ಕಾರು ಬೀದಿಯಲ್ಲಿ, ತೆಂಗಿನ ಮರದ ಕೆಳಗೆ! ಆ ಮರ ಈಗಾಗಲೇ ನನ್ನ ಬಾನೆಟ್ಟಿನ ಮೇಲೆ ಒಂದು ಕಾಯಿ ಹಾಕಿದೆ. ಅದು ಬಿದ್ದು ಆದ ತಗ್ಗಿನಲ್ಲಿ ಮಳೆನೀರು ನಿಂತು ಕಾಗೆಗಳು ಸ್ನಾನ ಮಾಡುತ್ತವೆ.

"ಚೀಟಿ ಎತ್ಬಿಡ್ರಪ್ಪಾ. ಯಾರ್ ಹೆಸ್ರು ಬತ್ತದೋ ಅವ್ರಿಗೆ" ಎಂದರು ರತ್ನಮ್ಮ.

"ಚೀಟಿ ಅಂದ್ರೆ ಬರೀ ಅದೃಷ್ಟ ಆಂಟಿ. ಅರ್ಹತೆ ಮೇಲೆ ತೀರ್ಮಾನ ಆಗ್ಬೇಕು" ಎಂದೆ ನಾನು. ಶೈಲಾ ಹಿಂದಿನಿಂದ ಅಂಗಿ ಜಗ್ಗಿದಳು. ನಾನು ನಿಲ್ಲಲಿಲ್ಲ.

ಅರ್ಹತೆ ಎಂದರೆ ನನ್ನ ಮನೆಯ ಟಿವಿಯಲ್ಲಿದ್ದ ಕಾರ್ ರೇಸಿನ ವಿಡಿಯೋ ಗೇಮ್; ಅದರಲ್ಲಿ ಗೆದ್ದವರಿಗೆ ಜಾಗ. ಆ ಆಟದಲ್ಲಿ ಗುದ್ದುವುದು ಅಪರಾಧವಲ್ಲ, ಸಾಧನೆ! ಎದುರಾಳಿಯನ್ನು ಗೋಡೆಗೆ ತಳ್ಳಿದರೆ ಅಂಕ ಕೊಡುತ್ತಾರೆ. ದಿನವೂ ಡೈರಿ ಸರ್ಕಲ್ಲಿನ ಟ್ರಾಫಿಕ್ಕಿನಲ್ಲಿ ಹಲ್ಲು ಕಚ್ಚಿಕೊಂಡು ಕಾಯುವ ನನ್ನಂಥ ಸಾಧುವಿಗೆ ಅದೇ ಔಷಧಿ. ತಿಂಗಳುಗಟ್ಟಲೆ ಒಬ್ಬನೇ ಆಡಿದ್ದೆ, ಬಹುತೇಕ ಸಲ ಗೆದ್ದಿದ್ದೆ. ನಾನು ಹಿಂದೆ ಬಿದ್ದಾಗ ಮುಂದಿನ ಕಾರುಗಳು ಯಾಕೋ ನಿಧಾನವಾಗುತ್ತಿದ್ದವು. ನನಗೆ ಹೆದರುತ್ತವೆ ಎಂದುಕೊಂಡಿದ್ದೆ. ಆಡುವವನು ಬೇಸರದಿಂದ ಎದ್ದುಹೋಗದಿರಲಿ ಎಂದು ಆಟ ತಯಾರಿಸಿದವರೇ ಹಾಗೆ ಇಟ್ಟಿರುತ್ತಾರಂತೆ. ಇದು ಆಮೇಲೆ ತಿಳಿಯಿತು.

ಭಾನುವಾರ ಬೆಳಿಗ್ಗೆ ನಮ್ಮ ಮನೆಯ ಹಾಲ್‌ನಲ್ಲಿ ಪಂದ್ಯ. ಕೋಡುಬಳೆ ಡಬ್ಬಿಯೊಂದಿಗೆ ರತ್ನಮ್ಮನವರು ತೀರ್ಪುಗಾರರಾಗಿ ಆಸೀನರಾದರು.

"ನಾ ಒಮ್ಮೆನೂ ಆಡಿಲ್ರಿ ಅಣ್ಣಾರ. ಯಾವ ಬಟನ್ ಒತ್ತೂದು?" ಎಂದಳು ಅಕ್ಷತಾ.

ಕರುಣೆ ಉಕ್ಕಿತು. ಎಲ್ಲ ಹೇಳಿಕೊಟ್ಟೆ. ಅತಿಥಿಯಲ್ಲವೇ ಎಂದು ಮೊದಲನೇ ಕಂಟ್ರೋಲರನ್ನು ಅವಳಿಗೇ ಕೊಟ್ಟು ಎರಡನೆಯದನ್ನು ನಾನು ಹಿಡಿದೆ. ನಾನು ಕೆಂಪು ಕಾರು ಆರಿಸಿದೆ. "ಕೆಂಪು ಚಂದ ಐತ್ರಿ" ಎಂದು ಅವಳೂ ಅದನ್ನೇ ಆರಿಸಿದಳು.

ಆಟ ಶುರುವಾಗುತ್ತಲೇ ಟಿವಿ ಪರದೆ ಮೇಲೊಂದು, ಕೆಳಗೊಂದು ಎಂದು ಎರಡು ಭಾಗವಾಯಿತು. ಒಬ್ಬನೇ ಆಡುವಾಗ ಇಡೀ ಟಿವಿ ನನ್ನದೇ; ಈ ಹಿಸ್ಸೆ ವ್ಯವಹಾರ ನಾನು ಕಂಡವನಲ್ಲ. ಇರಲಿ. ನನ್ನ ಕೆಂಪು ಕಾರು ಹಾರಿತು! ಬಸ್ಸನ್ನು ಸವರಿಕೊಂಡು, ಲಾರಿಯನ್ನು ಹಿಂದೆ ಹಾಕಿ ಮುನ್ನುಗ್ಗಿತು. ತಿರುವು ಬಂದಾಗ ನನ್ನ ಬೆರಳು ಅಲ್ಲಾಡುವ ಮೊದಲೇ ತಿರುಗುತ್ತಿತ್ತು. ಯಂತ್ರವೂ ಮನುಷ್ಯನೂ ಒಂದಾಗುವುದೆಂದರೆ ಇದೇ! ಕೆಳಗಿನ ಅರ್ಧದಲ್ಲಿ ಇನ್ನೊಂದು ಕೆಂಪು ಕಾರು ಗೋಡೆಗೆ ಮೂತಿ ತೂರಿಸಿ ಚಕ್ರ ತಿರುಗಿಸುತ್ತಿತ್ತು. ಪಾಪ ಎನ್ನಿಸಿತು.

"ರಿವರ್ಸ್ ತಗೊಳ್ಳಮ್ಮಾ ಅಕ್ಷತಾ, ಆ ಗೋಡೆ ಬಿಡು" ಎಂದೆ.

"ಅಣ್ಣಾರ, ಅದು ನಿಮ್ದ್ರಿ."

"ಏನು?"

"ಮ್ಯಾಲಿಂದು ನಂದ್ರಿ. ಮೊದಲ್ನೇ ರಿಮೋಟ್ ನನ್ನ ಕೈಯಾಗ ಕೊಟ್ಟೀರಲ್ರಿ!"

ಮೇಲಿನ ಕೆಂಪು ಕಾರು ಗುರಿ ಮುಟ್ಟಿತು.

ಆಗ ನಾನೇನು ಮಾಡಿದೆ ಎಂಬ ಬಗ್ಗೆ ಭಿನ್ನಾಭಿಪ್ರಾಯವಿದೆ. ನನ್ನ ನೆನಪಿನಲ್ಲಿ ಅವಳನ್ನು ಸೌಮ್ಯವಾಗಿ ಅಭಿನಂದಿಸಿದೆ. "ಸೋಫಾ ಮೇಲೆ ನಿಂತ್ಕೊಂಡು ಮೋಸ ಮೋಸ ಅಂತ ಕಿರುಚಿದ್ರಿ" ಎನ್ನುತ್ತಾಳೆ ಶೈಲಾ. ಸೋಫಾದ ಮೇಲೆ ಹೆಜ್ಜೆ ಗುರುತಿರುವುದು ನಿಜ. ಅದು ನನ್ನದೇ ಎಂದು ಹೇಗೆ ಹೇಳುವುದು?

ಅಷ್ಟಕ್ಕೆ ಸೋಲೊಪ್ಪುವ ಜಾಯಮಾನ ನನ್ನದಲ್ಲ. ಆ ಗೇಮಿನಲ್ಲಿ ಇನ್ನೊಂದು ಬಗೆಯ ಸ್ಪರ್ಧೆ ಇದೆ: ಒಬ್ಬರಾದ ಮೇಲೆ ಒಬ್ಬರು ಆಡಬೇಕು, ಇಡೀ ಪರದೆ ಆಡುವವರದೇ. ವಾಹನ ತುಂಬಿದ ಸರ್ಕಲ್ಲಿಗೆ ಕಾರು ನುಗ್ಗಿಸಬೇಕು. ಯಾರು ಹೆಚ್ಚು ನಷ್ಟ ಮಾಡುತ್ತಾರೋ ಅವರು ಗೆದ್ದಂತೆ. "ಇದ್ರಲ್ಲಿ ಬಾ ನೋಡೋಣ!" ಎಂದೆ.

"ಆಗ್ಲಿ ಬಿಡ್ರಿ" ಎಂದು ಅಕ್ಷತಾ ಮೊದಲು ಆಡಿದಳು. ಬಸ್ಸು ಎದುರಾದ ಕೂಡಲೇ ಗಾಬರಿಯಿಂದ ಪಕ್ಕಕ್ಕೆ ತಿರುಗಿಸಿದಳು. ಒಂದು ಸಣ್ಣ ಕಾರಿನ ಕನ್ನಡಿ ಮುರಿಯಿತು. "ಸಾರಿ ರೀ" ಎಂದಳು, ಟಿವಿಗೆ.

ಆಮೇಲೆ ನನ್ನ ಸರದಿ. ಬಸ್ಸು ಮಗುಚಿತು. ಟ್ಯಾಂಕರ್ ಸಿಡಿಯಿತು. ಕಾರುಗಳು ಒಂದರ ಮೇಲೊಂದು ಗುಡ್ಡೆಯಾದವು. ರತ್ನಮ್ಮನ ಕೋಡುಬಳೆ ಬಾಯಿಯ ಹತ್ತಿರವೇ ನಿಂತಿತು.

"ಅಯ್ಯಯ್ಯೋ, ಇನ್ನೂ ಗುದ್ತಾನೇ ಇದ್ದೀಯಲ್ಲಪ್ಪಾ!"

"ಆಟಾನೇ ಅದು ಆಂಟಿ!"

ಬೆಂಕಿ ಆರಿದಾಗ ಪರದೆಯ ತುಂಬ ನನ್ನ ಅಂಕ. ಎರಡೂ ಕೈ ಎತ್ತಿ ನಿಂತೆ. "ಒಟ್ಟು ಲೆಕ್ಕದಲ್ಲಿ ಯಾರು ಗೆದ್ರು, ನೀವೇ ಹೇಳಿ ಆಂಟಿ!"

ರತ್ನಮ್ಮ ಡಬ್ಬಿ ಮುಚ್ಚಿ ಎದ್ದರು. "ನೀನೇ ಗೆದ್ದೆ ಕಣಪ್ಪಾ, ಕಣ್ಣಾರೆ ನೋಡ್ದೆ. ಜಾಗ ಈ ಹುಡ್ಗಿಗೆ."

"ಯಾಕೆ?!"

"ಅಲ್ಲಿ ನನ್ ತುಳಸಿ ಕಟ್ಟೆ ಐತೆ. ಹೊಸಾ ಗೇಟ್ ಐತೆ. ಅಲ್ಲಿರೋ ಕಂಬದ್ ಮೇಲೆ ಇಡೀ ಮನೆ ನಿಂತೈತೆ. ನೀನು ನಗ್‌ನಗ್ತಾ ಗುದ್ತೀಯ. ಇವ್ಳು ಕನ್ನಡಿ ಮುರಿದಿದ್ಕೆ ಸಾರಿ ಕೇಳ್ತಾಳೆ."

"ಅದು ಬರೀ ಆಟ ಆಂಟಿ!"

"ಆಟದಾಗೇ ಹಿಂಗೆ!" ಎನ್ನುತ್ತ ಕೆಳಗಿಳಿದು ಹೋದರು.

"ಚೀಟಿ ಎತ್ತಿದ್ರೆ ಅರ್ಧ ಚಾನ್ಸಾದ್ರೂ ಇತ್ತು" ಎಂದಳು ಶೈಲಾ.

ಈ ತೀರ್ಪನ್ನು ನಾನು ಇವತ್ತಿಗೂ ಒಪ್ಪಿಲ್ಲ, ಒಪ್ಪುವುದೂ ಇಲ್ಲ. ದಿನವೂ ಸಂಜೆ ಅಕ್ಷತಾ ಕಾರನ್ನು ಹಿಂದಕ್ಕೆ ತೆಗೆದು ನಿಲ್ಲಿಸುವಾಗ ಮಾತ್ರ "ಅಣ್ಣಾರ, ಸ್ವಲ್ಪ ಹಿಂದ ನೋಡ್ರಿ" ಎಂದು ಕೂಗುತ್ತಾಳೆ. ಹೋಗುತ್ತೇನೆ. "ಬರ್ಲಿ, ಬರ್ಲಿ... ಬಲಕ್ಕೆ ಹೊಡಿ... ಸ್ಟಾಪ್!" ಇದುವರೆಗೆ ಕಂಬಕ್ಕೆ ಒಂದು ಗೆರೆಯೂ ಬಿದ್ದಿಲ್ಲ. ಆ ಶ್ರೇಯಸ್ಸು ನನ್ನದು.

ಮೊನ್ನೆ ಹಾಗೆ ಕೈಬೀಸುತ್ತಿದ್ದಾಗ ಬೆನ್ನ ಹಿಂದೆ, ಬೀದಿಯಲ್ಲಿ, ಧಡ್ ಎಂದು ಸದ್ದಾಯಿತು. ನಾನು ತಿರುಗಿ ನೋಡಲಿಲ್ಲ. ಗೆದ್ದವರು ತಿರುಗಿ ನೋಡುವುದಿಲ್ಲ.

ಕಾಗೆಗಳಿಗೆ ಈಗ ಎರಡು ಬಚ್ಚಲುಮನೆ.