ಷಡ್ಡಕರ ಮುಂದಿನ ಪ್ರಯಾಣದ ವೇಳಾಪಟ್ಟಿ

ನನಗೊಂದು ಚಟವಿದೆ, ಮುಚ್ಚಿಟ್ಟು ಪ್ರಯೋಜನವಿಲ್ಲ. ಯಾರಾದರೂ ಊರಿಗೆ ಹೊರಟಿದ್ದಾರೆಂದು ಕಿವಿಗೆ ಬಿದ್ದರೆ ಸಾಕು, ಅವರು ಕೇಳಲಿ ಬಿಡಲಿ, ಅವರ ಪ್ರಯಾಣಕ್ಕೆ ವೇಳಾಪಟ್ಟಿ ಹಾಕಿಕೊಡದೆ ನನಗೆ ಊಟ ಸೇರುವುದಿಲ್ಲ. ಬಸವೇಶ್ವರನಗರದ ಒಂದು ಹೈಸ್ಕೂಲಿನಲ್ಲಿ ನಾನು ಗಣಿತದ ಮೇಷ್ಟ್ರು. ಇಡೀ ಶಾಲೆಯ ಟೈಮ್ ಟೇಬಲ್ ಹಾಕುವ ಕೆಲಸ ಎಷ್ಟೋ ವರ್ಷಗಳಿಂದ ನನ್ನ ತಲೆಗೇ ಕಟ್ಟಿದೆ. ಪಿಟಿ ಮೇಷ್ಟ್ರಿಗೂ ಡ್ರಾಯಿಂಗ್ ಮೇಡಮ್ಮಿಗೂ ಶನಿವಾರದ ಕೊನೆಯ ಪೀರಿಯಡ್ಡು ಬೇಡ. ಸಂಸ್ಕೃತದವರಿಗೆ ಊಟವಾದ ತಕ್ಷಣ ತರಗತಿ ಕೊಟ್ಟರೆ ಮಕ್ಕಳಿಗಿಂತ ಮೊದಲು ಅವರೇ ತೂಕಡಿಸುತ್ತಾರೆ. ಇಂಥವರನ್ನೆಲ್ಲ ಒಂದು ಹಾಳೆಯೊಳಗೆ ಕೂರಿಸಿದವನಿಗೆ ಒಂದು ವಿಮಾನ, ಒಂದು ರೈಲು ಯಾವ ಲೆಕ್ಕ ಎಂದುಕೊಂಡಿದ್ದೆ. ನನ್ನ ಹೆಂಡತಿ ಗಿರಿಜಾ ಮಾತ್ರ, "ಮಕ್ಕಳಾದ್ರೆ ಬೆಲ್ ಹೊಡೆದ್ರೆ ಎದ್ದು ಹೋಗ್ತಾರೆ ಕಣ್ರೀ, ದೊಡ್ಡೋರು ಹೋಗ್ತಾರಾ?" ಎಂದು ಆಗಾಗ ಚುಚ್ಚುತ್ತಿರುತ್ತಾಳೆ. ನಾನು ಕಿವಿಗೆ ಹಾಕಿಕೊಳ್ಳುವುದಿಲ್ಲ.

ವಿಷಯ ಇಷ್ಟು. ಗಿರಿಜಾಳ ಅಕ್ಕನ ಗಂಡ ಶರಣಪ್ಪ, ಅಂದರೆ ನನ್ನ ಷಡ್ಡಕರು, ಬಳ್ಳಾರಿಯವರು. ಆಫೀಸಿನ ಕೆಲಸಕ್ಕೆ ದಿಲ್ಲಿಗೆ ಹೋಗಿದ್ದವರು ಬುಧವಾರ ಸಂಜೆಯ ವಿಮಾನದಲ್ಲಿ ಬೆಂಗಳೂರಿಗಿಳಿದು, ಗುರುವಾರ ಬೆಳಿಗ್ಗೆ ಹತ್ತಕ್ಕೆಲ್ಲ ಬಳ್ಳಾರಿಯ ಮನೆಯಲ್ಲಿರಬೇಕು. ಅವತ್ತು ಅವರ ಮಗಳು ಪೂರ್ಣಿಮಾಳ ನಿಶ್ಚಿತಾರ್ಥ. ಶರಣಪ್ಪನವರ ಕೆಲಸದಿಂದಾಗಿ ಅದು ಆಗಲೇ ಒಮ್ಮೆ ಮುಂದಕ್ಕೆ ಹೋಗಿತ್ತು. ಹುಡುಗನ ಅಜ್ಜ ಸಿಟ್ಟಿನ ಮನುಷ್ಯ. "ಈ ಸಲವೂ ಹುಡುಗಿಯ ಅಪ್ಪ ನಾಪತ್ತೆಯಾದರೆ ನಾವು ಬೇರೆ ಕಡೆ ನೋಡ್ಕೊಂತೀವಿ" ಎಂದು ಹೇಳಿ ಕಳಿಸಿದ್ದರಂತೆ. ಪರೀಕ್ಷೆಗಳಿದ್ದುದರಿಂದ ನಾನು ಹೋಗುವ ಹಾಗಿರಲಿಲ್ಲ. ಅದಕ್ಕೇ ಫೋನಿನಲ್ಲಿ ಎದೆ ತಟ್ಟಿ ಹೇಳಿದೆ: "ವಿಮಾನ ಇಳಿಯೋದು ನಿಮ್ಮ ಜವಾಬ್ದಾರಿ. ಮುಂದಿನದೆಲ್ಲ ನನಗೆ ಬಿಡಿ."

ಅವರೂ ಬಿಟ್ಟರು.

ಹಾಳೆಯ ಮೇಲೆ ಗೆರೆ ಎಳೆದು ಕೂತೆ. ಐದು ಇಪ್ಪತ್ತಕ್ಕೆ ವಿಮಾನ ಇಳಿಯುವುದು. ಆರಕ್ಕೆ ಏರ್‌ಪೋರ್ಟ್ ಬಸ್ಸು. ಮೆಜೆಸ್ಟಿಕ್ಕಿನಲ್ಲಿಳಿದು ಮೆಟ್ರೋ ಹಿಡಿದು ಅತ್ತಿಗುಪ್ಪೆ; ಅಲ್ಲಿಂದ ಚಂದ್ರಾ ಲೇಔಟಿನ ನಮ್ಮ ಮನೆಗೆ ಏಳು ಐವತ್ತಕ್ಕೆ. ಸ್ನಾನ ಹದಿನೈದು ನಿಮಿಷ, ಊಟ ಮೂವತ್ತು, ಕುಶಲೋಪರಿ ಹತ್ತು. ಎಂಟು ನಲವತ್ತೈದಕ್ಕೆ ಆಟೋ. ಒಂಬತ್ತು ನಲವತ್ತಕ್ಕೆ ಸಿಟಿ ಸ್ಟೇಷನ್ನಿನಿಂದ ಬಳ್ಳಾರಿ ರೈಲು. ಅದರ ಫೋಟೋ ತೆಗೆದು ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿದೆ. ಒಬ್ಬರಾದ ಮೇಲೊಬ್ಬರು ಹೆಬ್ಬೆರಳೆತ್ತಿದರು. ಶರಣಪ್ಪನವರೂ ಎತ್ತಿದರು. ನನಗೆ ಎರಡು ದಿನ ನೆಲದ ಮೇಲೆ ಕಾಲು ನಿಲ್ಲಲಿಲ್ಲ.

ಬುಧವಾರ ಎಲ್ಲವೂ ಹಾಳೆಯಲ್ಲಿದ್ದಂತೆಯೇ ನಡೆಯಿತೆಂದರೆ ನಂಬುತ್ತೀರಾ? ವಿಮಾನ ಹೊತ್ತಿಗೆ ಸರಿಯಾಗಿ ಇಳಿಯಿತು. ಹೆಬ್ಬಾಳದಲ್ಲೂ ಬಸ್ಸು ಹೆಚ್ಚು ಹೊತ್ತು ನಿಲ್ಲಲಿಲ್ಲ. ಏಳು ಐವತ್ತೈದಕ್ಕೆ ಶರಣಪ್ಪನವರು ಗೇಟು ತೆಗೆದರು. ಬರೀ ಐದು ನಿಮಿಷ ತಡ! ಸ್ನಾನವೂ ಹದಿನೈದೇ ನಿಮಿಷದಲ್ಲಿ ಮುಗಿಯಿತು. ಗಿರಿಜಾ ಜೋಳದ ರೊಟ್ಟಿ, ಎಣ್ಣೆಗಾಯಿ, ಕೆಂಪು ಚಟ್ನಿ ಬಡಿಸಲು ತಟ್ಟೆ ಇಟ್ಟಳು. ನಾನು ಗಡಿಯಾರ ನೋಡಿ ಮೀಸೆಯ ಮೇಲೆ ಕೈಯಾಡಿಸಿದೆ. ಅಷ್ಟರಲ್ಲಿ ಶರಣಪ್ಪನವರು ಹಣೆಗೆ ವಿಭೂತಿ ಹಚ್ಚಿಕೊಂಡು ಬಂದು, "ಗಿರಿಜವ್ವಾ, ಪೂಜಿಗೆ ಒಂದು ಮಣಿ ಹಾಕವ್ವಾ" ಎಂದು ಕೂರಲು ಮಣೆ ಕೇಳಿದರು.

ಪೂಜೆ! ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಪೂಜೆ ಮಾಡದೆ ಈ ಮನುಷ್ಯ ಹುಟ್ಟಿದಾಗಿನಿಂದ ಒಂದು ತುತ್ತು ತಿಂದವರಲ್ಲ. ಅದು ನನಗೆ ಗೊತ್ತಿಲ್ಲದ್ದೇನಲ್ಲ. ನನ್ನ ಮನೆಯ ಪದ್ಧತಿಯೂ ಅದೇ. ಆದರೆ ನನ್ನದು ಶಾಲೆಗೆ ಹೋಗುವ ಅವಸರದಲ್ಲಿ ಬೆಳಿಗ್ಗೆ ಎರಡೇ ನಿಮಿಷದಲ್ಲಿ ಮುಗಿಯುವ ಪೂಜೆ. ಅದನ್ನು ಒಂದು ಪೀರಿಯಡ್ಡೆಂದು ಲೆಕ್ಕಕ್ಕೆ ಹಿಡಿಯಬೇಕೆಂದು ನನಗೆ ಹೊಳೆದೇ ಇರಲಿಲ್ಲ. ಅಯ್ಯೋ ಶಿವನೇ! ಅವರು ಕಣ್ಣು ಮುಚ್ಚಿ ಕೂತರು. ನಾನು ಬಾಗಿಲಲ್ಲಿ ಒಂದು ಕಾಲಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ ನಿಂತೆ. ಒಮ್ಮೆ ಕೆಮ್ಮಿದೆ ಕೂಡ. "ಥೂ, ನಾಚಿಕೆಯಾಗಲ್ವೇನ್ರೀ, ಪೂಜೆಗೆ ಕೂತೋರ ಮುಂದೆ ಕೆಮ್ತೀರಲ್ಲ" ಎಂದು ಗಿರಿಜಾ ನನ್ನನ್ನು ಅಡಿಗೆಮನೆಗೆ ಎಳೆದುಕೊಂಡು ಹೋದಳು.

ಪೂಜೆಗೆ ಮೂವತ್ತೈದು ನಿಮಿಷ ಹಿಡಿಯಿತು. ಊಟ ಮುಗಿಸಿ, ಗಿರಿಜಾ ತನ್ನಕ್ಕನಿಗೆಂದು ಕಟ್ಟಿಕೊಟ್ಟ ಶೇಂಗಾ ಹೋಳಿಗೆಯ ಡಬ್ಬಿ ಹಿಡಿದು ನಾವಿಬ್ಬರೂ ಆಟೋ ಹತ್ತುವಾಗ ಒಂಬತ್ತು ಹದಿನೈದು. ಮಾಗಡಿ ರಸ್ತೆಯ ಸಿಗ್ನಲ್ಲಿನಲ್ಲಿ ಆಟೋ ನಿಂತಿತು, ನಿಂತೇ ಇತ್ತು. "ಸ್ವಲ್ಪ ಬೇಗ ಹೋಗಣ್ಣ, ಬಳ್ಳಾರಿ ಟ್ರೈನು" ಎಂದು ಅಂಗಲಾಚಿದೆ.

ಡ್ರೈವರು ಕನ್ನಡಿಯಲ್ಲೇ ನೋಡಿ, "ಲಗೇಜಲ್ಲಿ ಫ್ಲೈಟ್ ಟ್ಯಾಗ್ ಐತೆ, ಏರ್‌ಪೋರ್ಟಿಂದ ಬಂದ್ರಾ ಸಾರ್?" ಎಂದ.

"ಹೌದು, ಸಂಜೆ ಬಂದ್ರು."

"ಮತ್ಯಾಕ್ ಸಾರ್ ಇಲ್ಲೀಗಂಟ ಬಂದ್ರಿ? ಆ ಟ್ರೈನು ಇಲ್ಲಿಂದ ಹೊರಟು ಯಲಹಂಕಕ್ಕೇ ಹೋಗೋದು. ಏರ್‌ಪೋರ್ಟಿಂದ ಬರೋ ದಾರೀಲೇ ಯಲಹಂಕ. ಅಲ್ಲೇ ಹತ್ಕೊಂಡಿದ್ರೆ ಆರಾಮಾಗಿ ಹೋಗ್ತಿದ್ರಿ."

ವಿಜಯನಗರ, ರಾಜಾಜಿನಗರ, ಹೆಚ್ಚೆಂದರೆ ಕೆಂಗೇರಿ, ಇಷ್ಟರಲ್ಲೇ ನನ್ನ ಬೆಂಗಳೂರು ಮುಗಿದುಹೋಗುತ್ತದೆ. ಯಲಹಂಕವೆಂಬ ಊರು ನನ್ನ ಹಾಳೆಯಲ್ಲಿ ಇರಲೇ ಇಲ್ಲ. ದಿಲ್ಲಿಯಿಂದ ಬಂದ ಮನುಷ್ಯನನ್ನು ರೈಲು ನಿಲ್ಲುವ ಊರು ದಾಟಿಸಿ, ಮೆಜೆಸ್ಟಿಕ್ಕನ್ನೂ ದಾಟಿಸಿ, ಚಂದ್ರಾ ಲೇಔಟಿಗೆ ಎಳೆತಂದು, ಮತ್ತೆ ಮೆಜೆಸ್ಟಿಕ್ಕಿಗೆ ಒಯ್ಯುತ್ತಿದ್ದೆ. ಅದೂ ಹೆಮ್ಮೆಯಿಂದ! ಶರಣಪ್ಪನವರ ಮುಖ ನೋಡುವ ಧೈರ್ಯವಾಗಲಿಲ್ಲ. ಅವರು ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ರಸ್ತೆ ನೋಡುತ್ತಿದ್ದರು.

ರೈಲು ಸರಿಯಾದ ಸಮಯಕ್ಕೆ ಹೊರಟುಹೋಗಿತ್ತು. ಖಾಲಿ ಪ್ಲಾಟ್‌ಫಾರಮ್ಮಿನಲ್ಲಿ ನಿಂತಾಗ ನನಗೆ ಕಂಡದ್ದು ಹುಡುಗನ ಅಜ್ಜನ ಮುಖ. ಆ ಮುಖವನ್ನು ನಾನು ನೋಡಿದವನೇ ಅಲ್ಲ, ಆದರೂ ಕಂಡಿತು. ಪೂರ್ಣಿಮಾ ಅಳುತ್ತಿರುವುದೂ ಕಂಡಿತು. "ನಾನು ಹಾಳುಮಾಡಿಬಿಟ್ಟೆ" ಎಂದೆ. ಶರಣಪ್ಪನವರು ನನ್ನ ಹೆಗಲು ತಟ್ಟಿ, "ಬರ್ರಿ, ಎದುರಿಗೇ ಬಸ್ ಸ್ಟ್ಯಾಂಡ್ ಅದ" ಎಂದು ಸರಸರ ನಡೆದರು. ಬಳ್ಳಾರಿ ಬಸ್ಸು ಹೊರಡಲು ಸಿದ್ಧವಾಗಿತ್ತು. ಯಾವ ಪಟ್ಟಿಯೂ ಇಲ್ಲದೆ, ಬುಕಿಂಗೂ ಇಲ್ಲದೆ ಅವರಿಗೆ ಕಿಟಕಿ ಪಕ್ಕದ ಸೀಟೇ ಸಿಕ್ಕಿತು. ಬೆಳಕು ಹರಿಯುವಷ್ಟರಲ್ಲಿ ಬಳ್ಳಾರಿ ಎಂದು ಕಂಡಕ್ಟರು ಭರವಸೆ ಕೊಟ್ಟ. ನಾನು ಕಿಟಕಿಯ ಕೆಳಗೆ ನಿಂತು ಕೈಮುಗಿದೆ. "ಕ್ಷಮಿಸಿಬಿಡಿ. ಯಲಹಂಕದ ವಿಷಯ ನನಗೆ ಗೊತ್ತಿರಲಿಲ್ಲ."

"ನನಗ ಗೊತ್ತಿತ್ರೀ" ಎಂದರು ಶರಣಪ್ಪನವರು.

ನಾನು ಮುಗಿದ ಕೈ ಇಳಿಸಿದೆ. "ಗೊತ್ತಿತ್ತಾ? ಮತ್ತೆ ಯಾಕ್ರೀ ಹೇಳ್ಲಿಲ್ಲ?"

"ಹೆಂಗ ಹೇಳ್ಲಿ? ಹಿಂದೊಮ್ಮೆ ಬೆಂಗಳೂರಿಗೆ ಬಂದು ನಿಮ್ಮ ಮನಿಗೆ ಬರದೆ ಹೋಗಿದ್ದಕ್ಕ ನೀವು ನಮ್ಮ ಗೃಹಪ್ರವೇಶಕ್ಕ ಬರ್ಲಿಲ್ಲ. ಈಗ ನಿಮ್ಮ ಪಟ್ಟಿ ಬ್ಯಾಡ ಅಂದಿದ್ರ ಪೂರ್ಣಿಮಾನ ಮದುವಿಗೂ ಬರ್ತಿರ್ಲಿಲ್ಲ. ಹುಡುಗನ ಅಜ್ಜನ್ನಾದ್ರೂ ಹೆಂಗಾರ ಸಮಾಧಾನ ಮಾಡಬೌದು, ನಿಮ್ಮನ್ನ ಯಾರು ಮಾಡ್ತಾರ್ರೀ?"

ಬಸ್ಸು ಹೊರಟಿತು. ಅವರು ಹೇಳಿದ್ದು ನಿಜ. ಗೃಹಪ್ರವೇಶದ ದಿನ ಶಾಲೆಯಲ್ಲಿ ಇನ್‌ಸ್ಪೆಕ್ಷನ್ ಎಂದು ಸುಳ್ಳು ಹೇಳಿ, ಮನೆಯಲ್ಲೇ ಮುಖ ಊದಿಸಿಕೊಂಡು ಕೂತಿದ್ದೆ. ಅದು ಯಾರಿಗೂ ಗೊತ್ತಾಗಿಲ್ಲವೆಂದೇ ಇಷ್ಟು ದಿನ ತಿಳಿದಿದ್ದೆ.

ಬೆಳಿಗ್ಗೆ ಏಳಕ್ಕೆ ಮುಟ್ಟಿದೆನೆಂದು ಅವರ ಫೋನು ಬಂತು. ನಿಶ್ಚಿತಾರ್ಥವೂ ಚೆನ್ನಾಗಿ ನಡೆಯಿತು. ಎಲ್ಲ ಸರಿಹೋಯಿತು, ನಾನೊಬ್ಬನನ್ನು ಬಿಟ್ಟು. ಈಗ ಯಾರೇ ನಮ್ಮ ಮನೆಗೆ ಬಂದು, "ಈ ಕಡೆ ಬಂದಿದ್ವಿ, ಹಂಗೇ ನೋಡ್ಕೊಂಡು ಹೋಗೋಣ ಅಂತ ಬಂದ್ವಿ" ಎಂದರೂ ಅವರ ಮುಖವನ್ನೇ ದಿಟ್ಟಿಸುತ್ತೇನೆ. ಇವರು ಪ್ರೀತಿಯಿಂದ ಬಂದರೋ, ನನ್ನ ಮುನಿಸಿಗೆ ಹೆದರಿ ಬಂದರೋ? ಬಾಯಿಬಿಟ್ಟು ಕೇಳಿಯೂ ನೋಡಿದೆ. ನಾನೆಲ್ಲಿ ಬೇಜಾರು ಮಾಡಿಕೊಳ್ಳುತ್ತೇನೋ ಎಂದು ಒಬ್ಬರೂ ನಿಜ ಹೇಳುತ್ತಿಲ್ಲ.